ಕೀಮೋ ಆದ ಅಪ್ಪನಿಗೆ ಕೋವಿಡ್ ಹೋಗುತ್ತಲೇ ಇಲ್ಲ. ವೈರಸ್ ಇಷ್ಟು ದಿನ ಉಳಿಯುತ್ತಾ?

ನಾಲೆ ಪಕ್ಕದ ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ. ಅಪ್ಪನಿಗೆ ಲಿಂಫೋಮಾ ಅನ್ನೋ ಕ್ಯಾನ್ಸರ್. ಮೈಸೂರಿನಲ್ಲಿ ಕೀಮೋ ನಡೀತಿದೆ, ಅದರ ಜೊತೆ ರಿಟುಕ್ಸಿಮ್ಯಾಬ್ ಅನ್ನೋ ಡ್ರಿಪ್ಪೂ ಕೊಡ್ತಾರೆ. ಒಂದೂವರೆ ತಿಂಗಳ ಹಿಂದೆ ಮನೆಯವರಿಗೆಲ್ಲ ನೆಗಡಿ, ಜ್ವರ ಬಂತು. ನಮಗೆಲ್ಲ ನಾಲ್ಕೈದು ದಿನಕ್ಕೆ ಹೋಯ್ತು. ಅಪ್ಪನಿಗೆ ಮಾತ್ರ ಟೆಸ್ಟ್ ಮಾಡಿಸಿದ್ವಿ. ಕೋವಿಡ್ ಪಾಸಿಟಿವ್ ಬಂತು. ಜೋರೇನೂ ಇರಲಿಲ್ಲ, ಮನೆಯಲ್ಲೇ ನೋಡಿಕೊಂಡ್ವಿ.

ಆದರೆ ಅದು ಪೂರ್ತಿ ಹೋಗಲೇ ಇಲ್ಲ. ಬೆಳಗ್ಗೆ ಚೆನ್ನಾಗಿರುತ್ತಾರೆ, ಪೇಪರ್ ಓದುತ್ತಾರೆ, ಬಸ್ಸಾರಿನಲ್ಲಿ ಅರ್ಧ ಮುದ್ದೆ ತಿನ್ನುತ್ತಾರೆ. ಸಂಜೆ ಐದಾದರೆ ಕಿವಿ ತುದಿ ಕೆಂಪಗಾಗುತ್ತೆ. ಥರ್ಮಾಮೀಟರ್ ಇಟ್ಟರೆ ನೂರು, ನೂರಾ ಒಂದು. ಒಣ ಕೆಮ್ಮು. ಬಚ್ಚಲಿಗೆ ಹೋಗಿ ಬಂದರೆ ಮಂಚದ ಅಂಚು ಹಿಡಿದುಕೊಂಡು ಸುಧಾರಿಸಿಕೊಳ್ಳಬೇಕು. ಹೋದ ವಾರ ಮತ್ತೆ ಟೆಸ್ಟ್ ಮಾಡಿಸಿದರೆ ಇನ್ನೂ ಪಾಸಿಟಿವ್.

ಇಲ್ಲಿನ ಡಾಕ್ಟರು "ಅದು ಸತ್ತ ವೈರಸ್ಸಿನ ಚೂರು, ತಲೆ ಕೆಡಿಸಿಕೊಳ್ಳಬೇಡಿ" ಅಂದರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿದವರು ಶ್ವಾಸಕೋಶದಲ್ಲಿ ಹೊಸ ಮಚ್ಚೆ ಇದೆ ಅಂತ ಬರೆದಿದ್ದಾರೆ. ನೆಂಟರು "ಕೋವಿಡ್ ಈಗ ಎಲ್ಲಿದೆ" ಅಂತಾರೆ. ಮನೆಯಲ್ಲಿ ಅಣ್ಣನ ಮಗು ಇದೆ, ಇನ್ನೂ ವರ್ಷ ತುಂಬಿಲ್ಲ. ಯಾರ ಮಾತು ಕೇಳಬೇಕು? ನಿಮ್ಮ ಮನೆಗಳಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಕುವೆಂಪುನಗರ 2
ಆಗಿದೆ. ನಮ್ಮ ಚಿಕ್ಕಪ್ಪನಿಗೆ ರಕ್ತದ ಕ್ಯಾನ್ಸರ್ ಇತ್ತು, ಎರಡು ತಿಂಗಳ ಮೇಲೂ ಪಾಸಿಟಿವ್ ಬರ್ತಿತ್ತು. ಸುಮ್ನೆ ಬಿಡಬೇಡಿ ತಂಗಿ.

ಕಬ್ಬಿನ ಗದ್ದೆ
ಹದಿನಾಲ್ಕು ದಿನಕ್ಕೆ ವೈರಸ್ ಹೋಗುತ್ತೆ ಅಂತ ಸರ್ಕಾರವೇ ಹೇಳಿತ್ತಲ್ಲ. ಅದಕ್ಕೇ ಅಲ್ವಾ ಕ್ವಾರಂಟೈನ್ ಮಾಡಿದ್ದು? ಈಗ ಒಂದೂವರೆ ತಿಂಗಳು ಅಂದರೆ ಹೇಗೆ ನಂಬೋದು? ಟೆಸ್ಟ್ ಮಾಡಿಸಿದಷ್ಟೂ ಲ್ಯಾಬಿಗೆ ದುಡ್ಡು. ಯಜಮಾನರನ್ನು ಸುಮ್ಮನೆ ಮಲಗೋಕೆ ಬಿಡಿ, ಅಮೃತಬಳ್ಳಿ ಕಷಾಯ ಕೊಡಿ, ಶಕ್ತಿ ಬರುತ್ತೆ.

ಪಿಪೆಟ್
ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೋವಿಡ್ ಕಾಲದಲ್ಲಿ ದಿನವಿಡೀ ಆರ್‌ಟಿ-ಪಿಸಿಆರ್ ಮಾಡಿದ್ದೇನೆ. ಇಬ್ಬರು ಡಾಕ್ಟರ ಮಾತಿಗೂ ಅರ್ಥವಿದೆ. ಯಾರ ಮಾತು ಯಾವ ರೋಗಿಗೆ ಹೊಂದುತ್ತೆ ಅನ್ನೋದು ಮುಖ್ಯ.

ಆರ್‌ಟಿ-ಪಿಸಿಆರ್ ಹುಡುಕೋದು ವೈರಸ್ಸಿನ ಆರ್‌ಎನ್‌ಎ ತುಣುಕನ್ನು. ಅದು ಬದುಕಿರೋ ವೈರಸ್ಸಿನದೋ ಸತ್ತದ್ದರದೋ ಅಂತ ಈ ಟೆಸ್ಟ್ ಹೇಳೋದಿಲ್ಲ. ಆರೋಗ್ಯವಾಗಿರುವವರಲ್ಲೂ ಕೆಲವರಿಗೆ ವಾರಗಟ್ಟಲೆ ಪಾಸಿಟಿವ್ ಬರುತ್ತೆ, ಅವರಿಂದ ಯಾರಿಗೂ ಹರಡೋದಿಲ್ಲ. ಅದಕ್ಕೇ 2020ರಲ್ಲಿ ಬಿಡುಗಡೆಗೆ ಮತ್ತೆ ನೆಗೆಟಿವ್ ಬರಲೇಬೇಕು ಅನ್ನೋ ನಿಯಮ ಹೆಚ್ಚಿನವರಿಗೆ ತೆಗೆದರು. ಆ ಮಾತು ಗಟ್ಟಿ ಆರೋಗ್ಯದವರಿಗೆ ಸರಿ. ರಿಟುಕ್ಸಿಮ್ಯಾಬ್ ತಗೊಂಡವರಿಗೆ, ಅದರಲ್ಲೂ ಜ್ವರ ನಿಲ್ಲದೆ ಸ್ಕ್ಯಾನಿನಲ್ಲಿ ಹೊಸ ಮಚ್ಚೆ ಕಂಡವರಿಗೆ, ಅದನ್ನೇ ಹೇಳಿ ಕಳಿಸೋಕೆ ಆಗೋದಿಲ್ಲ.

ನಿಮ್ಮ ರಿಪೋರ್ಟಿನಲ್ಲಿ ಸಿಟಿ ವ್ಯಾಲ್ಯೂ ಅಂತ ಇದೆಯಾ ನೋಡಿ. ಇದು ಸ್ಕ್ಯಾನಿನ ಸಿಟಿ ಅಲ್ಲ. ಮಷೀನು ಎಷ್ಟನೇ ಸುತ್ತಿಗೆ ವೈರಸ್ಸನ್ನು ಕಂಡುಹಿಡಿಯಿತು ಅನ್ನೋ ಲೆಕ್ಕ. ಸಂಖ್ಯೆ ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ. ಮೂರೂಕಾಲು ಸುತ್ತಿನ ವ್ಯತ್ಯಾಸ ಅಂದರೆ ಸುಮಾರು ಹತ್ತು ಪಟ್ಟು. ಮೊದಲು ಎಷ್ಟಿತ್ತು, ಈಗ ಎಷ್ಟಿದೆ?

ನಾಲೆ ಪಕ್ಕದ ಮನೆ
ಸಾರ್, ಮೊದಲನೆಯದರಲ್ಲಿ 19. ಈಗಿನದರಲ್ಲಿ 21.

ಪಿಪೆಟ್
ಒಂದೂವರೆ ತಿಂಗಳಾದ ಮೇಲೆ 21 ಅಂದರೆ ಚೂರು ಪಾರು ಅಂತ ಹೇಳೋ ಸಂಖ್ಯೆ ಅಲ್ಲ. ಚೂರು ಮಾತ್ರ ಉಳಿದವರಲ್ಲಿ ಸಾಮಾನ್ಯವಾಗಿ ಮೂವತ್ತರ ಮೇಲೆ ಇರುತ್ತೆ. ಕಿಟ್ ಬದಲಾದರೆ, ಮೂಗಿನಿಂದ ತೆಗೆದ ಸ್ಯಾಂಪಲ್ ಹೆಚ್ಚು ಕಡಿಮೆ ಆದರೆ ಇದೂ ಬದಲಾಗುತ್ತೆ. ಹಾಗಾಗಿ ಇದೊಂದನ್ನೇ ಹಿಡಿದು ತೀರ್ಮಾನ ಮಾಡಬಾರದು. ಆದರೆ ಎರಡೂ ರಿಪೋರ್ಟ್ ಮುಂದಿಟ್ಟು ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಮನೆಯಲ್ಲಿ ಮಾಡೋ ಆಂಟಿಜೆನ್ ಟೆಸ್ಟೂ ಪಾಸಿಟಿವ್ ಬಂದರೆ ವೈರಸ್ ಇನ್ನೂ ಬೆಳೀತಿದೆ ಅನ್ನೋ ಅನುಮಾನ ಬಲವಾಗುತ್ತೆ. ಖಚಿತವಾಗಿ ಹೇಳಬೇಕು ಅಂದರೆ ವೈರಸ್ಸನ್ನು ಕಲ್ಚರ್ ಮಾಡಬೇಕು, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು. ಅದಕ್ಕೆ ಭದ್ರತೆ ಜಾಸ್ತಿ ಇರೋ ಲ್ಯಾಬ್ ಬೇಕು, ಊರೂರಲ್ಲಿ ಆಗೋ ಕೆಲಸ ಅಲ್ಲ.

ಕಬ್ಬಿನ ಗದ್ದೆ, ಲ್ಯಾಬಿಗೆ ದುಡ್ಡು ಅಂದಿರಿ. ಈ ಯಜಮಾನರಿಗೆ ಎರಡನೇ ಟೆಸ್ಟ್ ಮಾಡಿಸಿದ್ದು ಸರಿಯಾದ ಕೆಲಸ.

ಹಳೇ ವಾರ್ಡ್
ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆಗಿದ್ದೇನೆ. ಮಗಳೇ, ಒಂದು ಮಾತು. ಸಂಜೆ ಜ್ವರ, ಕೆಮ್ಮು, ಸುಸ್ತು ಅಂದ ತಕ್ಷಣ ನಮ್ಮ ಕಡೆ ಮೊದಲು ನೋಡಬೇಕಾದದ್ದು ಟಿಬಿ. ಕೋವಿಡ್ ಪಾಸಿಟಿವ್ ಬಂತು ಅಂತ ಅದನ್ನು ಮರೀಬಾರದು. ಕಫ ಬಂದರೆ ಟಿಬಿ ಹಿಡಿಯೋ ಸಿಬಿನಾಟ್ ಟೆಸ್ಟ್ ಮಾಡಿಸಿದ್ದಾರಾ ಕೇಳು. ರೋಗನಿರೋಧಕ ಶಕ್ತಿ ಕಡಿಮೆ ಇದ್ದವರಿಗೆ ಫಂಗಸ್ಸಿನಿಂದಲೂ ನ್ಯುಮೋನಿಯಾ ಬರುತ್ತೆ. ಲಿಂಫೋಮಾ ಕೂಡ ತಾನಾಗಿಯೇ ಸಂಜೆ ಜ್ವರ, ರಾತ್ರಿ ಬೆವರು ತರುತ್ತೆ. ಎರಡು ಕಾಯಿಲೆ ಒಟ್ಟಿಗೆ ಇರೋದೂ ಉಂಟು.

ಬೆರಳಿಗೆ ಹಾಕೋ ಆಕ್ಸಿಮೀಟರ್ ಮನೆಯಲ್ಲಿ ಇದೆಯಾ? ಮಲಗಿದ್ದಾಗ ಅಲ್ಲ, ಬಚ್ಚಲಿಗೆ ಹೋಗಿ ಬಂದ ಮೇಲೆ ಹಾಕಿ ನೋಡು. 94ಕ್ಕಿಂತ ಕೆಳಗೆ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡ, ಅವತ್ತೇ ಕರ್ಕೊಂಡು ಹೋಗು.

ನಾಲೆ ಪಕ್ಕದ ಮನೆ
ಕೂತಿದ್ದಾಗ 96 ಇರುತ್ತೆ ಅಮ್ಮ. ನಡೆದ ಮೇಲೆ ನೋಡಿರಲಿಲ್ಲ. ಟಿಬಿ ಬಗ್ಗೆ ಯಾರೂ ಹೇಳಿರಲಿಲ್ಲ, ಬರೆದುಕೊಂಡೆ.

ಬೋಗಾದಿ ರಸ್ತೆ
ನನಗೂ ರಿಟುಕ್ಸಿಮ್ಯಾಬ್ ಕೊಡ್ತಾರೆ, ಕ್ಯಾನ್ಸರಿಗಲ್ಲ, ಕೀಲುವಾತಕ್ಕೆ. ಹೀಗಾಗಿ ಇದರ ಬಗ್ಗೆ ಕೇಳಿ ಕೇಳಿ ತಿಳ್ಕೊಂಡಿದ್ದೇನೆ. ನಮ್ಮ ರಕ್ತದಲ್ಲಿ ಬಿ ಕಣಗಳು ಅಂತ ಇರುತ್ತವೆ. ವೈರಸ್ಸಿಗೆ ವಿರುದ್ಧವಾಗಿ ಆಂಟಿಬಾಡಿ ತಯಾರು ಮಾಡೋರು ಅವರೇ. ಲಿಂಫೋಮಾ ಬಹಳಷ್ಟು ಸಲ ಹುಟ್ಟೋದೂ ಆ ಕಣಗಳಲ್ಲೇ. ಈ ಔಷಧಿ ಬಿ ಕಣದ ಮೇಲಿರೋ ಸಿಡಿ20 ಅನ್ನೋ ಗುರುತು ಹಿಡಿದು ಅವನ್ನು ಅಳಿಸಿಬಿಡುತ್ತೆ. ಕೆಟ್ಟ ಕಣದ ಜೊತೆ ಒಳ್ಳೆಯದೂ ಹೋಗುತ್ತೆ. ಕೊನೇ ಡ್ರಿಪ್ ಆದ ಮೇಲೂ ಆರು ತಿಂಗಳು, ಕೆಲವರಿಗೆ ಅದಕ್ಕಿಂತ ಜಾಸ್ತಿ ಕಾಲ ಅವು ವಾಪಸ್ ಬರೋದಿಲ್ಲ.

ಅದಕ್ಕೇ ಮನೆಯವರೆಲ್ಲ ನಾಲ್ಕು ದಿನಕ್ಕೆ ಎದ್ದರೂ ನಿಮ್ಮ ತಂದೆಗೆ ಹೋಗಲಿಲ್ಲ. ವೈರಸ್ ಜೊತೆ ಹೋರಾಡೋ ಇನ್ನೊಂದು ಬಗೆ, ಟಿ ಕಣಗಳು, ಒಂದಿಷ್ಟು ಕೆಲಸ ಮಾಡ್ತಿರುತ್ತವೆ, ಹಾಗಾಗಿ ಒಮ್ಮೆಗೇ ಜೋರಾಗೋದಿಲ್ಲ. ಆದರೆ ವೈರಸ್ ಪೂರ್ತಿ ತೊಲಗೋದೂ ಇಲ್ಲ. ಸ್ವಲ್ಪ ಕಡಿಮೆ, ಮತ್ತೆ ಜ್ವರ, ಮತ್ತೆ ಕಡಿಮೆ. ನೋಡೋರಿಗೆ "ಏನೂ ಇಲ್ಲ, ವಯಸ್ಸಾಗಿದೆ" ಅನ್ನಿಸುತ್ತೆ. ನನ್ನನ್ನೂ ಹಾಗೇ ಅಂದಿದ್ದಾರೆ.

ಕುವೆಂಪುನಗರ 2
ಹಾಗಾದರೆ ಲಸಿಕೆ ಹಾಕಿಸಿದ್ದೂ ವ್ಯರ್ಥನಾ?

ಬೋಗಾದಿ ರಸ್ತೆ
ವ್ಯರ್ಥ ಅಲ್ಲ. ಆಂಟಿಬಾಡಿ ಬರದೇ ಇದ್ದರೂ ಟಿ ಕಣಗಳು ಲಸಿಕೆಯಿಂದ ಕಲಿಯುತ್ತವೆ. ಆದರೆ ಯಾವಾಗ ಹಾಕಿಸಬೇಕು ಅನ್ನೋದು ಮುಖ್ಯ. ಸಾಧ್ಯ ಆದರೆ ಔಷಧಿ ಶುರು ಮಾಡೋ ಮೊದಲೇ ಹಾಕಿಸಬೇಕು. ಶುರುವಾಗಿಬಿಟ್ಟಿದ್ದರೆ ಹಿಂದಿನ ಡ್ರಿಪ್ಪಿನಿಂದ ಆದಷ್ಟು ದೂರ ಇಟ್ಟು, ಡಾಕ್ಟರ್ ಹೇಳಿದ ಹೊತ್ತಿಗೆ ಹಾಕಿಸಬೇಕು. ಫ್ಲೂ, ನ್ಯುಮೋನಿಯಾ ಲಸಿಕೆಗೂ ಇದೇ ಲೆಕ್ಕ.

ಮೆಮು ಪ್ರಯಾಣಿಕ
ಮೇಡಂ, ನೀವು ಮೈಸೂರಿಗೆ ಹೇಗೆ ಓಡಾಡ್ತಿದ್ದೀರಿ? ಬೆಳಗ್ಗಿನ ರೈಲಿನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ತಂದೆಯವರನ್ನು ಅದರಲ್ಲಿ ಕರ್ಕೊಂಡು ಹೋಗಬೇಡಿ.

ನಾಲೆ ಪಕ್ಕದ ಮನೆ
ಪಕ್ಕದ ಮನೆಯವರ ಕಾರಿನಲ್ಲಿ ಸಾರ್. ಕಿಟಕಿ ಇಳಿಸಿ, ಎಲ್ಲರೂ ಮಾಸ್ಕ್ ಹಾಕಿಕೊಂಡು ಹೋಗುತ್ತೇವೆ.

ಮೆಮು ಪ್ರಯಾಣಿಕ
ಒಳ್ಳೇದು. ಎಕ್ಸ್‌ಪ್ರೆಸ್‌ ವೇ ಹಿಡಿದರೆ ಗಣಂಗೂರಿನಲ್ಲಿ ಟೋಲ್ ಕಟ್ಟಬೇಕು, ಆದರೆ ಪೇಷೆಂಟ್ ಇದ್ದಾಗ ಆ ದುಡ್ಡು ನೋಡಬೇಡಿ. ಶ್ರೀರಂಗಪಟ್ಟಣದ ಒಳಗೆ ಸಂಜೆ ಸಿಕ್ಕಿಕೊಂಡರೆ ಅಪ್ಪನಿಗೆ ಹಿಂಸೆ.

ಹೊಸ ಕಿಡ್ನಿ
ಅಮೃತಬಳ್ಳಿ ಕಷಾಯ ಕೊಡಿ ಅಂದವರಿಗೆ ಕೈಮುಗಿದು ಹೇಳ್ತೇನೆ, ದಯವಿಟ್ಟು ಈ ಸಲಹೆ ಕೊಡಬೇಡಿ. ನನಗೆ ಕಿಡ್ನಿ ಕಸಿ ಆಗಿದೆ, ಅಮ್ಮ ಕೊಟ್ಟ ಕಿಡ್ನಿ. ನಮ್ಮಂಥವರಿಗೆ ರೋಗನಿರೋಧಕ ಶಕ್ತಿಯನ್ನು ಬೇಕಂತಲೇ ಇಳಿಸಿ ಇಟ್ಟಿರುತ್ತಾರೆ. ಅದು ಏರಿದರೆ ದೇಹ ಆ ಕಿಡ್ನಿಯನ್ನೇ ಬೇರೆಯವರದು ಅಂತ ಹೊರಗೆ ಹಾಕೋಕೆ ನೋಡುತ್ತೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದ ಲಿವರ್ ಡಾಕ್ಟರುಗಳೇ ವರದಿ ಮಾಡಿದ್ದಾರೆ. ಕೀಮೋ ಆಗ್ತಿರೋ ಲಿವರಿಗೆ ಇನ್ನೊಂದು ಹೊರೆ ಯಾಕೆ?

ಕಬ್ಬಿನ ಗದ್ದೆ
ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ದು ಅದೇ ಕಷಾಯದಲ್ಲಿ. ಎಲ್ಲ ಇಂಗ್ಲಿಷ್ ಔಷಧಿಯೇ ಸರಿ, ನಮ್ಮದೆಲ್ಲ ವಿಷ ಅನ್ನೋದು ನ್ಯಾಯ ಅಲ್ಲ.

ಹೊಸ ಕಿಡ್ನಿ
ಅಣ್ಣಾ, ವಿಷ ಅಂತ ನಾನು ಅಂದಿಲ್ಲ. ನಿಮ್ಮಜ್ಜಿಗೆ ಕಸಿ ಆದವರಿಗೆ ಕೊಡೋ ಟ್ಯಾಕ್ರೊಲಿಮಸ್ ಮಾತ್ರೆ ಕೊಡ್ತಿರಲಿಲ್ಲ, ಕೀಮೋ ಇರಲಿಲ್ಲ. ಹಣ್ಣಿಗೂ ನಮಗೆ ಕಟ್ಟುಪಾಡಿದೆ. ದೇವರಾಜ ಮಾರ್ಕೆಟ್ಟಿನಲ್ಲಿ ಚಕ್ಕೋತ ನೋಡಿದರೆ ಬಾಯಲ್ಲಿ ನೀರು ಬರುತ್ತೆ, ಆದರೆ ನಾನು ಮುಟ್ಟೋದಿಲ್ಲ. ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತೆ, ಏರಿದರೆ ಕಿಡ್ನಿಗೇ ಪೆಟ್ಟು.

ಕೋವಿಡ್ ಮಾತ್ರೆಯ ವಿಷಯವೂ ಹೀಗೇ. ಪ್ಯಾಕ್ಸ್‌ಲೋವಿಡ್ ಅಂತ ಬರೋ ಜೋಡಿ ಮಾತ್ರೆಯಲ್ಲಿ ರಿಟೊನಾವಿರ್ ಇದೆ. ಟ್ಯಾಕ್ರೊಲಿಮಸ್ ಜೊತೆ ತಗೊಂಡರೆ ಅದರ ಮಟ್ಟ ಹಲವು ಪಟ್ಟು ಮೇಲೆ ಹೋಗುತ್ತೆ. ಇಂಥ ಮಾತ್ರೆ ಬರೆಸಿಕೊಳ್ಳೋವಾಗ ಈಗ ನುಂಗ್ತಿರೋ ಎಲ್ಲ ಮಾತ್ರೆಯ ಪಟ್ಟಿ ಕೈಯಲ್ಲಿರಲಿ. ಬಾಯಲ್ಲಿ ಹೇಳಬೇಡಿ, ಸ್ಟ್ರಿಪ್ಪನ್ನೇ ತೋರಿಸಿ.

ಪಿಪೆಟ್
ಕಸಿ ಆದವರಿಗೆ ಕೋವಿಡ್ ಒಂದೇ ಅಲ್ಲ ಅಲ್ವಾ? ಬಿಕೆ ವೈರಸ್ಸಿಗೆ ಟೆಸ್ಟ್ ಆಗಾಗ ಬರುತ್ತೆ ನಮ್ಮಲ್ಲಿ.

ಹೊಸ ಕಿಡ್ನಿ
ನನಗೆ ಬಂದದ್ದೇ ಅದು. ಬಿಕೆ ವೈರಸ್ ಬಹಳ ಜನರಿಗೆ ಚಿಕ್ಕಂದಿನಲ್ಲೇ ಬಂದು, ಏನೂ ತೊಂದರೆ ಕೊಡದೆ ಮೂತ್ರಪಿಂಡದಲ್ಲಿ ಸುಮ್ನೆ ಕೂತಿರುತ್ತೆ. ಕಸಿ ಆಗಿ ಔಷಧಿ ಶುರುವಾದ ಮೇಲೆ ಏಳುತ್ತೆ. ಜ್ವರ ಇಲ್ಲ, ನೋವಿಲ್ಲ, ಉರಿ ಇಲ್ಲ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಮಾತ್ರ ಮೆಲ್ಲಗೆ ಏರ್ತಿತ್ತು. ರಕ್ತದ ಪಿಸಿಆರ್ ಮಾಡಿದಾಗ ಸಿಕ್ಕಿತು. ಅದಕ್ಕೆ ನೇರವಾಗಿ ಕೆಲಸ ಮಾಡೋ ಒಳ್ಳೆ ಔಷಧಿ ಇಲ್ಲ. ರೋಗನಿರೋಧಕ ಶಕ್ತಿ ಇಳಿಸೋ ಮಾತ್ರೆಗಳನ್ನೇ ಡಾಕ್ಟರು ಅಳತೆ ನೋಡಿ ಕಡಿಮೆ ಮಾಡಿದರು. ಜಾಸ್ತಿ ಇಳಿಸಿದರೆ ಕಿಡ್ನಿ ತಿರಸ್ಕಾರ ಆಗುತ್ತೆ, ಕಡಿಮೆ ಇಳಿಸಿದರೆ ವೈರಸ್ ಬೆಳೆಯುತ್ತೆ. ಆ ಹಗ್ಗದ ಮೇಲಿನ ನಡಿಗೆ ತಿಂಗಳುಗಟ್ಟಲೆ ನಡೀತು. ಈ ಮಾತು ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ, ಅದು ಕಿಡ್ನಿ ಕಳಕೊಳ್ಳೋ ದಾರಿ.

ಸಿಎಂವಿ ಅಂತ ಇನ್ನೊಂದು ವೈರಸ್, ಅದಕ್ಕೆ ವಾಲ್‌ಗ್ಯಾನ್‌ಸಿಕ್ಲೊವಿರ್ ಇದೆ. ಹೆಪಟೈಟಿಸ್ ಇ ಅಂದರೆ ಕೊಳಕು ನೀರಿನಿಂದ ಬರೋ ಕಾಮಾಲೆ, ಎಲ್ಲರಿಗೂ ತಾನಾಗೇ ಹೋಗುತ್ತೆ ಅಂತ ಅಂದುಕೊಂಡಿದ್ದರು. ಕಸಿ ಆದವರಲ್ಲಿ ಅದು ವರ್ಷಗಟ್ಟಲೆ ಉಳೀಬಹುದು ಅಂತ 2008ರಲ್ಲಿ ಫ್ರಾನ್ಸಿನ ಡಾಕ್ಟರುಗಳು ತೋರಿಸಿದರು. ವಾಂತಿ ಭೇದಿಯ ನೊರೊವೈರಸ್ಸೂ ಹಾಗೇ. ಬೇರೆಯವರಿಗೆ ಎರಡು ದಿನ, ನಮಗೆ ತಿಂಗಳುಗಳು.

ಹಳೇ ವಾರ್ಡ್
ರಿಟುಕ್ಸಿಮ್ಯಾಬಿನವರು ಹೆಪಟೈಟಿಸ್ ಬಿ ಮರೀಬೇಡಿ. ಹಿಂದೆ ಯಾವಾಗಲೋ ಬಂದು ಹೋಗಿ, ಲಿವರಿನಲ್ಲಿ ಅಡಗಿದ್ದದ್ದು ಈ ಔಷಧಿ ಆದ ಮೇಲೆ ಎದ್ದು ಜೀವಕ್ಕೇ ಬಂದದ್ದಿದೆ. ಶುರು ಮಾಡೋ ಮೊದಲು ಎಚ್‌ಬಿಎಸ್‌ಎಜಿ ಜೊತೆ ಆಂಟಿ ಎಚ್‌ಬಿಸಿ ಅನ್ನೋ ಟೆಸ್ಟೂ ಮಾಡಬೇಕು. ಮೊದಲನೆಯದು ನೆಗೆಟಿವ್ ಬಂದರೆ ಸಾಕು ಅಂತ ಬಿಟ್ಟುಬಿಡುವವರಿದ್ದಾರೆ. ಸಾಲದು. ಪಾಸಿಟಿವ್ ಇದ್ದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ಮುಂಚೆಯೇ ಕೊಟ್ಟು ಕಾಯುತ್ತಾರೆ. ಫೈಲು ತೆಗೆದು ನೋಡು ಮಗಳೇ.

ಕಬ್ಬಿನ ಗದ್ದೆ
ಸರಿ, ಕಷಾಯದ ಮಾತು ಬಿಡ್ತೇನೆ. ಒಂದು ಪ್ರಶ್ನೆಗೆ ಉತ್ತರ ಹೇಳಿ. ಒಬ್ಬರ ಮೈಯಲ್ಲಿ ಇಷ್ಟು ದಿನ ವೈರಸ್ ಇದ್ದದ್ದಕ್ಕೆ ದಾಖಲೆ ಇದೆಯಾ, ಇಲ್ಲಾ ಬಾಯಿ ಮಾತಾ?

ಪಿಪೆಟ್
ಇದೆ. 2020ರಲ್ಲಿ ಅಮೆರಿಕದಲ್ಲಿ ರಕ್ತದ ಕ್ಯಾನ್ಸರ್ ಇದ್ದ 71 ವರ್ಷದ ಹೆಂಗಸಿನ ವರದಿ ಬಂತು. ಆಕೆಗೆ ಕೆಮ್ಮು ಜ್ವರ ಏನೂ ಇರಲಿಲ್ಲ. ಆದರೂ 70ನೇ ದಿನದವರೆಗೆ ಕಲ್ಚರಿನಲ್ಲಿ ಜೀವಂತ ವೈರಸ್ ಸಿಕ್ಕಿತು. ಅಂದರೆ ಸತ್ತ ಚೂರಲ್ಲ. ಕೇಂಬ್ರಿಜ್‌ನಲ್ಲಿ ರವೀಂದ್ರ ಗುಪ್ತ ಅವರ ತಂಡ 2021ರಲ್ಲಿ ಇನ್ನೊಂದು ವರದಿ ಮಾಡಿತು. ಅವರಿಗೂ ಲಿಂಫೋಮಾ, ರಿಟುಕ್ಸಿಮ್ಯಾಬ್ ಆಗಿತ್ತು. ಮೂರು ತಿಂಗಳಿಗೂ ಮೇಲೆ ವೈರಸ್ ಇತ್ತು, ಕೋವಿಡ್ ವಾಸಿಯಾದವರ ರಕ್ತದ ಪ್ಲಾಸ್ಮಾ ಕೊಟ್ಟ ಮೇಲೆ ಅದು ತನ್ನ ರೂಪ ಬದಲಾಯಿಸಿಕೊಳ್ತಾ ಹೋಯ್ತು.

2024ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡಾಕ್ಟರುಗಳು ವರದಿ ಮಾಡಿದ ರೋಗಿಯಲ್ಲಿ ಇನ್ನೂ ಜಾಸ್ತಿ. 72 ವರ್ಷದವರು, ರಕ್ತದ ಕಾಯಿಲೆಗೆ ಚಿಕಿತ್ಸೆ ಆಗಿತ್ತು. 613 ದಿನ ವೈರಸ್ ಹೋಗಲಿಲ್ಲ, ಐವತ್ತಕ್ಕೂ ಹೆಚ್ಚು ಬದಲಾವಣೆ ಆಗಿತ್ತು. ಕೊನೆಗೆ ಅವರು ತೀರಿಕೊಂಡದ್ದು ರಕ್ತದ ಕಾಯಿಲೆ ಮರುಕಳಿಸಿ.

ತಂಗಿ, ಇದನ್ನು ಓದಿ ಹೆದರಬೇಡಿ. ಇವು ಅಪರೂಪದವು, ಅದಕ್ಕೇ ಬರೆದಿಟ್ಟಿದ್ದಾರೆ. ಚಿಕಿತ್ಸೆ ಕೊಟ್ಟು ವಾಸಿಯಾದವರೂ ಬಹಳ ಜನ ಇದ್ದಾರೆ.

ಕಬ್ಬಿನ ಗದ್ದೆ
ದಾಖಲೆ ಕೊಟ್ಟಿರಿ, ಒಪ್ಪಿದೆ. ಆದರೆ ನೀವೇ ಹೇಳಿದ ಹಾಗೆ ಇವರೊಳಗೆ ವೈರಸ್ ರೂಪ ಬದಲಾಗುತ್ತೆ ಅಂದರೆ, ಹೊಸ ಹೊಸ ತಳಿ ಬರೋದು ಇವರಿಂದಲೇ ಅಂತಾಯ್ತು. ಹಾಗಿದ್ದರೆ ಇವರನ್ನು ಬೇರೆ ಇಡಬೇಕಲ್ವಾ?

ಸರಸ್ವತಿಪುರಂ
ಇಲ್ಲಿ ನಾನು ಬಾಯಿ ಬಿಡಲೇಬೇಕು. ಎಚ್‌ಐವಿ ಇದ್ದವರ ಜೊತೆ ಕೌನ್ಸೆಲರ್ ಆಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. "ಬೇರೆ ಇಡಬೇಕು" ಅನ್ನೋ ಮಾತಿನಿಂದ ಎಷ್ಟು ಮನೆ ಒಡೆದಿವೆ ಅಂತ ನೋಡಿದ್ದೇನೆ. ತಟ್ಟೆ ಬೇರೆ, ಲೋಟ ಬೇರೆ, ಕೊನೆಗೆ ಕೊಟ್ಟಿಗೆಯಲ್ಲಿ ಹಾಸಿಗೆ. ಆಗ ಜನ ಕಾಯಿಲೆಯನ್ನು ಮುಚ್ಚಿಡೋಕೆ ಶುರು ಮಾಡಿದರು. ಮುಚ್ಚಿಟ್ಟ ಮೇಲೆ ಚಿಕಿತ್ಸೆ ಎಲ್ಲಿಂದ?

ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಇದ್ದ 36 ವರ್ಷದ ಹೆಂಗಸಿನಲ್ಲಿ ಕೋವಿಡ್ 216 ದಿನ ಇತ್ತು, ಅದರ ರೂಪವೂ ಬಹಳ ಬದಲಾಗಿತ್ತು. ಇದು ನಿಜ. ಆದರೆ ಆಗ ಆಕೆಯ ಎಚ್‌ಐವಿ ಹತೋಟಿಯಲ್ಲಿರಲಿಲ್ಲ. ಎಚ್‌ಐವಿಗೆ ಕೊಡೋ ಸರಿಯಾದ ಎಆರ್‌ಟಿ ಸಿಕ್ಕಿದ ಮೇಲೆ ಕೋವಿಡ್ಡೂ ಹೋಯ್ತು. ಎಆರ್‌ಟಿ ಮಾತ್ರೆ ತಪ್ಪದೆ ತಗೊಂಡು ಸಿಡಿ4 ಅನ್ನೋ ರಕ್ಷಣೆಯ ಕಣ ಚೆನ್ನಾಗಿ ಇರುವವರಿಗೆ ಈ ಭಯ ಬಹುತೇಕ ಇಲ್ಲ. ದೂರ ಇಡೋದು ಪರಿಹಾರ ಅಲ್ಲ, ಔಷಧಿ ಕೈಗೆ ಸಿಗೋ ಹಾಗೆ ಮಾಡೋದು ಪರಿಹಾರ. ಎಆರ್‌ಟಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ಪಿಪೆಟ್
ಆಲ್ಫಾ, ಓಮಿಕ್ರಾನ್ ಹೀಗೆ ಹುಟ್ಟಿರಬಹುದು ಅಂತ ವಿಜ್ಞಾನಿಗಳು ಅಂದಾಜು ಮಾಡುತ್ತಾರೆ, ಸಾಬೀತಾಗಿಲ್ಲ. ಆ ಆಮ್‌ಸ್ಟರ್‌ಡ್ಯಾಮ್ ರೋಗಿಯ ವೈರಸ್ ಬೇರೆ ಯಾರಿಗೂ ಹರಡಿದ ದಾಖಲೆ ಇಲ್ಲ.

ಕಬ್ಬಿನ ಗದ್ದೆ
ನಾನು ಯಾರನ್ನೂ ಕೊಟ್ಟಿಗೆಗೆ ಹಾಕಿ ಅಂದಿಲ್ಲ. ಮನೆಯಲ್ಲಿ ಎಳೆ ಮಗು ಇದೆ, ಅದಕ್ಕೆ ಕೇಳಿದೆ.

ಸರಸ್ವತಿಪುರಂ
ಮಗುವಿನ ಚಿಂತೆ ನನಗೂ ಇದೆ. ಅಪ್ಪನಿಗೆ ಗಾಳಿ ಬರೋ ಕೋಣೆ, ಹತ್ತಿರ ಹೋಗುವವರಿಗೆ ಎನ್95 ಮಾಸ್ಕ್, ಮಗುವನ್ನು ಸದ್ಯಕ್ಕೆ ಮಡಿಲಿಗೆ ಕೊಡದೇ ಇರೋದು. ಬಾಗಿಲಲ್ಲಿ ನಿಂತು ಮಾತಾಡಿಸಿ, ಕಿಟಕಿಯಿಂದ ಮಗುವನ್ನು ತೋರಿಸಿ. ಜ್ವರದ ಮನುಷ್ಯ ಒಂಟಿ ಅಂತ ಅಂದುಕೊಳ್ಳಬಾರದು.

ಬೆಲ್ಲದ ಅಚ್ಚು
ಮಗು ಅಂದಿದ್ದಕ್ಕೆ ನೆನಪಾಯಿತು. ಮನೆಯಲ್ಲಿ ಇಂಥವರಿದ್ದರೆ ಮಗುವಿಗೆ ಪೋಲಿಯೊ ಹನಿ ಹಾಕಿಸಬಹುದಾ? ನಮ್ಮತ್ತೆಗೂ ಕೀಮೋ ಶುರುವಾಗುತ್ತೆ, ನನ್ನ ಮಗನಿಗೆ ಹನಿ ಹಾಕಿಸೋ ದಿನ ಹತ್ತಿರ ಬಂತು.

ಹಳೇ ವಾರ್ಡ್
ಒಳ್ಳೆ ಪ್ರಶ್ನೆ, ಇದನ್ನು ಯಾರೂ ಕೇಳೋದೇ ಇಲ್ಲ. ಬಾಯಿಗೆ ಹಾಕೋ ಹನಿಯಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತೆ. ಮಗುವಿನ ಮಲದಲ್ಲಿ ಕೆಲವು ವಾರ ಹೊರಗೆ ಬರುತ್ತೆ. ಆರೋಗ್ಯವಾಗಿರುವವರಿಗೆ ಏನೂ ಆಗೋದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರೋರು ಅದೇ ಮನೆಯಲ್ಲಿದ್ದರೆ ಹನಿಯ ಬದಲು ಇಂಜೆಕ್ಷನ್ ಪೋಲಿಯೊ ಕೊಡೋದು ಒಳ್ಳೇದು ಅಂತ ಮಕ್ಕಳ ಡಾಕ್ಟರುಗಳು ಹೇಳ್ತಾರೆ. ಅದರಲ್ಲಿ ಜೀವಂತ ವೈರಸ್ ಇಲ್ಲ. ನೀವೇ ನಿರ್ಧಾರ ಮಾಡಿ ಲಸಿಕೆ ತಪ್ಪಿಸಬೇಡಿ. ಮಕ್ಕಳ ಡಾಕ್ಟರಿಗೆ ಅತ್ತೆಯ ವಿಷಯ ಹೇಳಿ ಕೇಳಿ. ಈಗಾಗಲೇ ಹನಿ ಹಾಕಿಸಿದ್ದರೆ ಮಗುವಿನ ಬಟ್ಟೆ ಬದಲಾಯಿಸೋ ಕೆಲಸ ಅತ್ತೆಗೆ ಕೊಡಬೇಡಿ. ಬದಲಾಯಿಸಿದವರು ಸೋಪು ಹಾಕಿ ಕೈ ತೊಳೀರಿ.

ಪಿಪೆಟ್
ಇದಕ್ಕೆ ಒಂದು ದಾಖಲೆ. ಇಂಗ್ಲೆಂಡಿನ ಒಬ್ಬರಿಗೆ ಹುಟ್ಟಿನಿಂದಲೇ ಆಂಟಿಬಾಡಿ ಕೊರತೆ. ಚಿಕ್ಕಂದಿನಲ್ಲಿ ಹಾಕಿದ ಪೋಲಿಯೊ ಹನಿಯ ವೈರಸ್ ಅವರ ಮಲದಲ್ಲಿ ಇಪ್ಪತ್ತೆಂಟು ವರ್ಷ ಬರ್ತಾನೇ ಇತ್ತು ಅಂತ 2015ರಲ್ಲಿ ವರದಿ ಆಯ್ತು. ಅವರಿಗೆ ಪೋಲಿಯೊ ಲಕ್ಷಣ ಏನೂ ಇರಲಿಲ್ಲ. ಕಬ್ಬಿನ ಗದ್ದೆಯವರು ಒಂದೂವರೆ ತಿಂಗಳನ್ನೇ ನಂಬಲಿಲ್ಲ, ಇದನ್ನು ನೋಡಲಿ.

ಕಬ್ಬಿನ ಗದ್ದೆ
ಇಪ್ಪತ್ತೆಂಟು ವರ್ಷ! ಇದು ನಿಜಕ್ಕೂ ಗೊತ್ತಿರಲಿಲ್ಲ.

ಕುವೆಂಪುನಗರ 2
ಚಿಕಿತ್ಸೆ ಏನು ಅಂತ ಯಾರೂ ಹೇಳಲಿಲ್ಲ. ಪ್ಲಾಸ್ಮಾ ಕೊಡಿಸಬಹುದಾ? ನಮ್ಮ ಚಿಕ್ಕಪ್ಪನಿಗೆ ರೆಮ್‌ಡೆಸಿವಿರ್ ಕೊಟ್ಟಿದ್ದರು.

ಮೆಮು ಪ್ರಯಾಣಿಕ
ರೆಮ್‌ಡೆಸಿವಿರ್ ಅಂದರೆ ಹೊಟ್ಟೆ ಉರಿಯುತ್ತೆ. 2021ರಲ್ಲಿ ಒಂದು ವಯಲ್‌ಗೆ ಜನ ಒಡವೆ ಅಡ ಇಟ್ಟರು. ಆಮೇಲೆ ಅದರಿಂದ ಅಷ್ಟೇನೂ ಉಪಯೋಗ ಇಲ್ಲ ಅಂದರು.

ಬೋಗಾದಿ ರಸ್ತೆ
ನಿಮ್ಮ ಸಂಕಟ ಅರ್ಥ ಆಗುತ್ತೆ. ಆಗ ಉಸಿರು ಕಟ್ಟಿ ಐಸಿಯು ಸೇರಿದವರಿಗೂ ಅದನ್ನೇ ಹುಡುಕಿಸಿದರು. ಆ ಹಂತದಲ್ಲಿ ತೊಂದರೆ ಕೊಡೋದು ಬಹುಪಾಲು ದೇಹದ ಉರಿಯೂತ, ವೈರಸ್ ಆಗಲೇ ಕಡಿಮೆ ಆಗಿರುತ್ತೆ. ಇವರ ತಂದೆಯಂಥವರಲ್ಲಿ ವಾರಗಳಾದರೂ ವೈರಸ್ ಬೆಳೀತಾನೇ ಇರುತ್ತೆ, ಹಾಗಾಗಿ ವೈರಸ್ ತಡೆಯೋ ಔಷಧಿಗೆ ಇಲ್ಲಿ ಕೆಲಸ ಇದೆ. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಐದು ದಿನ ಕೊಡ್ತಾರೆ. ಇಂಥವರಿಗೆ ಕೆಲವು ಡಾಕ್ಟರುಗಳು ಇನ್ನೂ ಉದ್ದಕ್ಕೆ, ಕೆಲವರು ಎರಡು ಔಷಧಿ ಸೇರಿಸಿ ಕೊಡ್ತಾರೆ. ಎಲ್ಲರಿಗೂ ಒಂದೇ ಅನ್ನೋ ಕಟ್ಟಳೆ ಇಲ್ಲ. ಪ್ಲಾಸ್ಮಾವನ್ನು 2021ರ ಮೇ ತಿಂಗಳಲ್ಲಿ ನಮ್ಮ ದೇಶದ ಮಾರ್ಗಸೂಚಿಯಿಂದ ತೆಗೆದರು. ಆಂಟಿಬಾಡಿಯೇ ಇಲ್ಲದವರ ವಿಷಯದಲ್ಲಿ ಹೊರದೇಶಗಳಲ್ಲಿ ಕೆಲವು ಡಾಕ್ಟರುಗಳು ಇನ್ನೂ ಬಳಸುತ್ತಾರೆ.

ತಂಗಿ, ರಕ್ತದಲ್ಲಿ ಐಜಿಜಿ ಅನ್ನೋ ಆಂಟಿಬಾಡಿ ಎಷ್ಟಿದೆ ಅಂತ ಕೇಳಿ. ತೀರಾ ಕಡಿಮೆ ಇದ್ದು ಸೋಂಕು ಮೇಲಿಂದ ಮೇಲೆ ಬರ್ತಿದ್ದರೆ ಐವಿಐಜಿ ಅಂತ ಆಂಟಿಬಾಡಿಯ ಡ್ರಿಪ್ ಕೊಡೋದುಂಟು. ದುಬಾರಿ, ಅದನ್ನೂ ಮೊದಲೇ ತಿಳ್ಕೊಂಡಿರಿ.

ಸರಸ್ವತಿಪುರಂ
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವುದು ಅದರಲ್ಲಿ ಬರುತ್ತೆ, ಯಾವುದು ಬರೋದಿಲ್ಲ ಅಂತ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಅಡ್ಮಿಟ್ ಆಗೋ ಮುಂಚೆಯೇ ಕೇಳಿ.

ನಾಲೆ ಪಕ್ಕದ ಮನೆ
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ನಿನ್ನೆ ಸಂಜೆ ಹಳೇ ವಾರ್ಡ್ ಅಮ್ಮ ಹೇಳಿದ ಹಾಗೆ ನಡೆದ ಮೇಲೆ ಆಕ್ಸಿಮೀಟರ್ ಹಾಕಿದೆ. 91 ತೋರಿಸಿತು. ಕೈ ತಣ್ಣಗಿರಬಹುದು ಅಂತ ಬೆರಳು ಉಜ್ಜಿ ಮತ್ತೆ ಹಾಕಿದರೂ ಅಷ್ಟೇ. ರಾತ್ರಿಯೇ ಮೈಸೂರಿಗೆ ಕರ್ಕೊಂಡು ಬಂದು ಅಡ್ಮಿಟ್ ಮಾಡಿದ್ದೇವೆ.

ಕ್ಯಾನ್ಸರ್ ಡಾಕ್ಟರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ, ಶ್ವಾಸಕೋಶದ ಡಾಕ್ಟರನ್ನೂ ಕರೆಸಿದರು. ಕಫ ಟಿಬಿಗೆ ಕಳಿಸಿದ್ದಾರೆ, ಫಂಗಸ್ಸಿಗೂ ನೋಡ್ತಿದ್ದಾರೆ. ಐಜಿಜಿ ಬಹಳ ಕಡಿಮೆ ಅಂತ ಬಂತು. ರೆಮ್‌ಡೆಸಿವಿರ್ ಶುರು ಮಾಡಿದ್ದಾರೆ, ಎಷ್ಟು ದಿನ ಅನ್ನೋದನ್ನು ನೋಡಿಕೊಂಡು ಹೇಳ್ತೇವೆ ಅಂದರು. ಮುಂದಿನ ಕೀಮೋ ಸದ್ಯಕ್ಕೆ ತಡೆದಿದ್ದಾರೆ. ಅದೇ ಅಪ್ಪನಿಗೆ ಚಿಂತೆ. "ಕೀಮೋ ನಿಲ್ಲಿಸಿದರೆ ಗಡ್ಡೆ ಬೆಳೆಯಲ್ವಾ" ಅಂತ ಕೇಳ್ತಾನೇ ಇದ್ದಾರೆ.

ಕುವೆಂಪುನಗರ 2
ಚಿಕ್ಕಪ್ಪನಿಗೂ ತಡೆದಿದ್ದರು. ಆಮೇಲೆ ಮುಂದುವರಿಸಿದರು. ಅಪ್ಪನಿಗೆ ಹೇಳಿ, ಡಾಕ್ಟರು ಎರಡನ್ನೂ ತೂಗಿ ನೋಡಿಯೇ ತಡೆದಿರ್ತಾರೆ. ನಾನು ಹತ್ತಿರದಲ್ಲೇ ಇದ್ದೇನೆ, ಊಟ ಬೇಕಾದರೆ ಮೆಸೇಜ್ ಮಾಡಿ. ಮೆತ್ತಗೆ ಮುದ್ದೆ, ಬಿಸಿ ಸಾರು ಕಳಿಸ್ತೇನೆ. ಹಸಿ ಸೊಪ್ಪು, ಕತ್ತರಿಸಿಟ್ಟ ಹಣ್ಣು ಕಳಿಸೋದಿಲ್ಲ.

ಹಳೇ ವಾರ್ಡ್
ರಾತ್ರಿಯೇ ಹೊರಟಿದ್ದು ಒಳ್ಳೇದಾಯ್ತು ಮಗಳೇ. ನೋಡೋಕೆ ಬರೋ ನೆಂಟರನ್ನು ವಾರ್ಡಿನ ಹೊರಗೇ ನಿಲ್ಲಿಸು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನಾಲೆ ಪಕ್ಕದ ಮನೆ
ಅದೇ ದೊಡ್ಡ ತಲೆನೋವು ಅಮ್ಮ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ, ಆಮೇಲೆ ಬೀಗರೂಟ. ಅಪ್ಪ ಬರಲೇಬೇಕು, ಮನೆಗೆ ಹಿರಿಯರು ಅಂತ ಈಗಲೇ ಫೋನ್ ಮೇಲೆ ಫೋನ್. ಬರದಿದ್ದರೆ ಚಪ್ಪರದಲ್ಲಿ ಮರ್ಯಾದೆ ಹೋಗುತ್ತೆ ಅಂತಾರೆ.

ಹೊಸ ಕಿಡ್ನಿ
ಬೀಗರೂಟದ ಚಪ್ಪರದಲ್ಲಿ ನಾನೂರು ಐನೂರು ಜನ ಒತ್ತಿಕೊಂಡು ಕೂರ್ತಾರೆ. ನಾನು ಕಸಿ ಆದ ಮೇಲೆ ಒಂದಕ್ಕೂ ಹೋಗಿಲ್ಲ. ಮದುವೆಯ ಹಿಂದಿನ ದಿನ ಬೆಳಗ್ಗೆ ಮಾಸ್ಕ್ ಹಾಕಿಕೊಂಡು ಹೋಗಿ ಹೆಣ್ಣಿಗೆ ಅಕ್ಷತೆ ಹಾಕಿ ಬರ್ತೇನೆ. ಮೊದಲೆರಡು ಸಲ ಮಾತಾಡಿದರು, ಈಗ ಅವರೇ ಹೊತ್ತು ನೋಡಿ ಕರೀತಾರೆ. ನಿಮ್ಮ ತಂದೆಗೆ ಈ ಸಲ ಅದೂ ಬೇಡ. ಹೆಣ್ಣು ಗಂಡು ಆಮೇಲೆ ಮನೆಗೆ ಬಂದು ಬಾಗಿಲಲ್ಲಿ ನಿಂತು ಆಶೀರ್ವಾದ ತಗೊಂಡು ಹೋಗಲಿ.

ಕಬ್ಬಿನ ಗದ್ದೆ
ತಂಗಿ, ನಿಮ್ಮ ಚಿಕ್ಕಪ್ಪನವರದು ಮದ್ದೂರು ಕಡೆಯಾ? ನನಗೆ ಪರಿಚಯ ಇರೋರಾದರೆ ನಾನೇ ಮಾತಾಡ್ತೇನೆ. ಹೆಂಗಸರು ಹೇಳಿದರೆ ಕೆಲವರು ಕೇಳೋದಿಲ್ಲ, ಅದು ತಪ್ಪು, ಆದರೆ ನಮ್ಮ ಕಡೆ ಹಾಗಿದೆ. ಪಿಪೆಟ್ ಸಾರ್ ಬರೆದದ್ದನ್ನು ಓದಿ ಹೇಳಿಬಿಡ್ತೇನೆ.

ನಾಲೆ ಪಕ್ಕದ ಮನೆ
ಮದ್ದೂರು ಕಡೆಯೇ ಅಣ್ಣಾ. ನಂಬರ್ ಮೆಸೇಜಿನಲ್ಲಿ ಕಳಿಸ್ತೇನೆ. ಇವತ್ತು ಬೆಳಗ್ಗೆ ಟಿಬಿ ನೆಗೆಟಿವ್ ಬಂತು. ಜ್ವರ ನಿನ್ನೆ ಸಂಜೆ 99 ದಾಟಲಿಲ್ಲ. ಕೆಮ್ಮು ಹಾಗೇ ಇದೆ, ಆಕ್ಸಿಜನ್ ಪೈಪ್ ಇನ್ನೂ ತೆಗೆದಿಲ್ಲ.

ಬೆಲ್ಲದ ಅಚ್ಚು
ಜ್ವರ ಇಳಿದಿದ್ದು ಕೇಳಿ ಸಮಾಧಾನ ಆಯ್ತು ಅಕ್ಕ. ನಾನೂ ಮಕ್ಕಳ ಡಾಕ್ಟರನ್ನು ಕೇಳಿದೆ, ಮಗನಿಗೆ ಇಂಜೆಕ್ಷನ್ ಪೋಲಿಯೊ ಹಾಕಿಸಿ ಅಂದರು. ಅತ್ತೆಯ ಜೊತೆ ಇರೋ ನಮಗೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತಲೂ ಹೇಳಿದರು. ಕೀಮೋ ಇರೋದು ಅತ್ತೆಗೆ, ನಮಗೆ ಯಾಕೆ ಅಂತ ಯಜಮಾನರು ಕೇಳ್ತಿದ್ದಾರೆ.

ಬೋಗಾದಿ ರಸ್ತೆ
ಅತ್ತೆಗೆ ಹಾಕಿದ ಲಸಿಕೆ ಅರ್ಧಂಬರ್ಧ ಕೆಲಸ ಮಾಡಬಹುದು. ನಿಮಗೆ ಚೆನ್ನಾಗಿ ಹಿಡಿಯುತ್ತೆ, ಆಗ ಫ್ಲೂ ಮನೆಯೊಳಗೆ ಬರೋದೇ ಕಡಿಮೆ. ಅವರಿಗೆ ಬಂತು ಅಂದರೆ ಅದೂ ವಾರಗಟ್ಟಲೆ ಹೋಗದೇ ಇರಬಹುದು, ಒಸೆಲ್ಟಾಮಿವಿರ್ ಮಾತ್ರೆಗೂ ಬಗ್ಗದ ಹಾಗೆ ಬದಲಾಗಬಹುದು. ಇಂಜೆಕ್ಷನ್ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಯಜಮಾನರಿಗೆ ಹಾಗಂತ ಹೇಳಿ. ಪ್ರತಿ ವರ್ಷ ಹಾಕಿಸಬೇಕು, ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ.

ಬೆಲ್ಲದ ಅಚ್ಚು
ಹೇಳ್ತೇನೆ. ಶನಿವಾರ ಇಬ್ಬರೂ ಹೋಗಿ ಹಾಕಿಸಿಕೊಂಡು ಬರ್ತೇವೆ, ಮಾವನನ್ನೂ ಕರ್ಕೊಂಡು.